ದುರಂತ ನಾಟಕಕ್ಕೆ ಮಾವನ ತಿದ್ದುಪಡಿ

ಬೈಲಹೊಂಗಲದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಸುತ್ತಲಿನ ಊರುಗಳಲ್ಲಿ ಇಂಗ್ಲೆಂಡಿನ ಹಳೆಯ ನಾಟಕದ ರೂಪಾಂತರವಿರಲಿ, ಯುದ್ಧದ ಸಿನಿಮಾ ಇರಲಿ, ತೀರ್ಪುಗಾರನ ಕುರ್ಚಿ ನನಗೇ. ಕುರ್ಚಿ ಏರಿದೆನೆಂದರೆ ಏನಾದರೊಂದು ಫಜೀತಿ ಆಗದೆ ಬಿಡುವುದಿಲ್ಲ. ತಪ್ಪು ತೆಗೆಯುವುದರಲ್ಲಿ ಗಟ್ಟಿಗ ಎಂಬುದೊಂದೇ ನನ್ನ ಹೆಸರು. ಅದನ್ನು ಉಳಿಸಿಕೊಳ್ಳುವುದೇ ನನ್ನ ಪಾಡು.

೧. ರಾಜನ ವಾಟ್ನಿ

ನೇಸರಗಿಯಲ್ಲಿ ಮುದಿ ರಾಜನೊಬ್ಬ ಹೆಣ್ಣುಮಕ್ಕಳಿಗೆ ರಾಜ್ಯದ ವಾಟ್ನಿ ಮಾಡಿ, ಅಂದರೆ ಪಾಲು ಹಂಚಿ, ಬೀದಿಪಾಲಾಗುವ ನಾಟಕ. ಮೂಲದ ಗಾಂಭೀರ್ಯ ಬಂದಿಲ್ಲ, ಪಾತ್ರದ ಅಂತರಂಗ ಕಾಣಲಿಲ್ಲ ಎಂದು ನಾನು ಮೈಕಿನಲ್ಲಿ ಕೊರೆಯುತ್ತಿದ್ದೆ. ಮುಂದೆ ಕುಳಿತಿದ್ದ ಊರ ಗೌಡರು ಎದ್ದು ನಿಂತರು.

"ಅದೆಲ್ಲಾ ಇರ್ಲಿ ಸರ್. ತಪ್ಪೆಲ್ಲಾ ರಾಜಂದು. ವಾಟ್ನಿ ಮಾಡೂಮುಂದ ತನ್ನ ಹೆಸರಿಗೆ ನಾಕ ಎಕರೆ ನೀರಾವರಿ ಇಟಗೋಬೇಕೋ ಬ್ಯಾಡೋ?"

ಇಡೀ ಸಭೆ ಹೌದೌದು ಎಂದಿತು. ನನ್ನ ಅಂತರಂಗ ಅಲ್ಲಿಗೇ ನಿಂತಿತು.

"ಈ ಮಾತ ನೀವು ಅಂವಗ ಮೊದಲ ಹೇಳಬೇಕಿತ್ತಲ್ರಿ" ಎಂದೆ ಸಿಟ್ಟಿನಿಂದ.

"ಹೆಂಗ ಹೇಳೂದ್ರಿ? ವಾಟ್ನಿಗೆ ಊರ ಹಿರ್ಯಾರನ್ನ ಕರದಽ ಇಲ್ಲ ಅಂವ!"

೨. ಊಟವಿಲ್ಲದ ಯುದ್ಧ

ಸವದತ್ತಿಯಲ್ಲಿ ಯುದ್ಧದ ಕಿರುಚಿತ್ರಗಳ ಸ್ಪರ್ಧೆ. ನನ್ನ ಜೊತೆ ತೀರ್ಪುಗಾರರು ಒಬ್ಬ ಮಾಜಿ ಸೈನಿಕರು. ಒಂದು ಚಿತ್ರದಲ್ಲಿ ಹೊಗೆ ಚೆನ್ನಾಗಿತ್ತು, ಕ್ಯಾಮೆರಾ ಚೆನ್ನಾಗಿತ್ತು. ಆದರೆ ನಾಯಕ ಮೈತುಂಬ ಗುಂಡು ತಿಂದ ಮೇಲೆ ಐದು ನಿಮಿಷ ಭಾಷಣ ಮಾಡಿದ. ನಾನು ಅಂಕ ಕಳೆದೆ. ಅವರು ಸೊನ್ನೆಯನ್ನೇ ಹಾಕಿದರು.

"ಭಾಷಣ ಉದ್ದ ಆತು, ಹೌದಲ್ರಿ?"

"ಭಾಷಣ ಮಾಡ್ಲಿ ಬಿಡ್ರಿ. ಮೂರ ದಿನ ಯುದ್ಧ ನಡೀತು, ಒಬ್ಬಾಂವರ ಉಂಡಾನೇನ್ರಿ?"

ಅನುಭವಿಗಳ ಮಾತು! ಯಾವ ಗಡಿಯಲ್ಲಿ ಇದ್ದಿರಿ ಎಂದು ಭಕ್ತಿಯಿಂದ ಕೇಳಿದೆ.

"ಗಡಿ ಎಲ್ಲೀದ್ರಿ? ಹದಿನೆಂಟ ವರ್ಷ ಮಿಲ್ಟ್ರಿ ಅಡಿಗಿಮನ್ಯಾಗ ಚಪಾತಿ ಲಟ್ಟಿಸೇನಿ."

೩. ಸಾಯಲು ಬಿಡದವರು

ಕೊನೆಗೆ ಜನ ನನ್ನನ್ನೇ ಹಿಡಿದರು. "ಮಂದೀ ನಾಟಕಕ್ಕ ಹೆಸರಿಡೂದು, ತಪ್ಪ ತಗಿಯೂದು ಸಾಕ್ರಿ ಸರ್. ನೀವೊಂದು ಮಾಡಿ ತೋರಸ್ರಿ."

ಮಾಡಿದೆ, ಚಚಡಿಯಲ್ಲಿ. ಸಂಶಯದ ಸೇನಾಪತಿ ಹೆಂಡತಿಯ ಕತ್ತು ಹಿಸುಕಿ, ನಿಜ ತಿಳಿದ ಮೇಲೆ ತಾನೂ ಇರಿದುಕೊಂಡು ಸಾಯುವ ದುರಂತ. ನಮ್ಮ ಕಡೆ ನಾಟಕದ ನಡುವೆಯೇ ಬೀಗರು ರಂಗಕ್ಕೆ ಹತ್ತಿ ನಟನಿಗೆ ಬಟ್ಟೆ, ಉಂಗುರ ಉಡುಗೊರೆ ಕೊಟ್ಟು ಆಹೇರಿ ಮಾಡುವ ರೂಢಿ. ನನಗೆ ಅದನ್ನು ಕಂಡರೆ ಆಗದು. ಆಹೇರಿ ಏನಿದ್ದರೂ ನಾಟಕ ಮುಗಿದ ಮೇಲೆ ಎಂದು ಕಟ್ಟಪ್ಪಣೆ ಮಾಡಿದೆ.

ಸೇನಾಪತಿ ಪಾತ್ರದವನ ಮಾವ ಸುರೇಬಾನದಿಂದ ಧೋತರ, ರುಮಾಲು ತಂದು ಮುಂದೆ ಕುಳಿತಿದ್ದರು. ಕೊನೆಯ ದೃಶ್ಯ ಬಂತು. ಹೆಂಡತಿ ಸತ್ತು ಬಿದ್ದಿದ್ದಾಳೆ. ಸಭೆಯಲ್ಲಿ ಕೆಮ್ಮು ಸಹ ಇಲ್ಲ. ಸೇನಾಪತಿ ಕಠಾರಿ ಎತ್ತಿದ. ಗೆದ್ದೆ ಅಂದುಕೊಂಡೆ.

"ಏ ಅಳಿಯಾರ, ತಡೀರಿ ತಡೀರಿ!" ಮಾವ ರಂಗದ ಮೇಲಿದ್ದರು.

ನಾನು ಪರದೆಯ ಮರೆಯಿಂದ ಓಡಿಬಂದೆ. "ಮುಗದ ಮ್ಯಾಲೆ ಅಂತ ಹೇಳಿದ್ದೆನಲ್ರಿ!"

"ಮುಗದ ಮ್ಯಾಲೆ ಇವರು ಸತ್ತಿರ್ತಾರ. ಸತ್ತಾಂವಗ ಆಹೇರಿ ಮಾಡ್ತಾರೇನ್ರಿ? ಮನ್ಯಾಗ ನನ್ನ ಮಗಳು ಮುತ್ತೈದಿ ಅದಾಳ!"

ಅವರು ಅಳಿಯನಿಗೆ ರುಮಾಲು ಸುತ್ತಿದರು. ಹಿಂದೆಯೇ ಉಳಿದ ಬೀಗರ ಸಾಲು. ಸತ್ತ ಹೆಂಡತಿಗೂ ಯಾರೋ ಸೀರೆ ತಂದಿದ್ದರು. ಆಕೆ ಎದ್ದು ಉಡಿಯೊಡ್ಡಿ ತೆಗೆದುಕೊಂಡಳು.

"ಇನ್ನ ಸಾಯೋ" ಎಂದು ಸೇನಾಪತಿಗೆ ಪಿಸುಗುಟ್ಟಿದೆ.

"ಆಹೇರಿ ಬಟ್ಟಿ ಮೈಮ್ಯಾಲ ಇಟಗೊಂಡು ಹೆಂಗ ಸಾಯ್ಲಿರಿ ಸರ್? ಮಾವ ನೋಡಾಕತ್ಯಾರ" ಎಂದವನೇ ನಾಟಕದ ಹೆಂಡತಿಯ ಕೈಹಿಡಿದು ಸಂಸಾರ ಮಾಡಲು ಹೊರಟುಹೋದ. ಹಾರ್ಮೋನಿಯಂ ಮಾಸ್ತರರು ಮಂಗಳ ಹಾಡಿದರು. ಚಪ್ಪಾಳೆಯೋ ಚಪ್ಪಾಳೆ.

ನಾಚಿಕೆಯಿಂದ ತಲೆತಪ್ಪಿಸಿಕೊಂಡು ಹೊರಟಿದ್ದೆ. ಮಾವ ಅಡ್ಡ ಬಂದು ಬೆನ್ನು ತಟ್ಟಿದರು.

"ನಾಟಕ ಭಾರಿ ಇತ್ರಿ ಸರ್. ಬರದಾಂವ ಆಹೇರಿಗೆ ಜಾಗಾ ಬಿಟ್ಟಿದ್ದಿಲ್ಲ, ಅದೊಂದು ತಪ್ಪಿತ್ತು. ಅದನ್ನ ನಾ ತಿದ್ದೇನಿ."