ಮೇಷ್ಟ್ರಿಗೆ ವಿ.ಆರ್.ಎಸ್. ಕೊಡಿಸಿದ್ದು

ಸುಳ್ಳು ಹೇಳುವವರಿಗೆ ನೆನಪು ಗಟ್ಟಿಯಿರಬೇಕು ಎನ್ನುತ್ತಾರೆ. ನನ್ನದು ಗಟ್ಟಿಯಿಲ್ಲ, ಆದರೂ ಹೇಳುತ್ತೇನೆ. ನಡುವಿನ ಕೊರತೆ ತುಂಬಲು ಡೈರಿ ಇಟ್ಟಿದ್ದೇನೆ. ಇತಿಹಾಸದಲ್ಲಿ ಎಂ.ಎ. ಮಾಡಿ ಅದನ್ನೇ ಪಾಠ ಹೇಳುವವಳಾದ್ದರಿಂದ ಬರೆದಿಟ್ಟ ದಾಖಲೆಯನ್ನೂ ಪೂರ್ತಿ ನಂಬಬಾರದೆಂದು ಗೊತ್ತಿದೆ, ಅದರಲ್ಲೂ ಬರೆದವಳು ನಾನೇ ಆಗಿದ್ದರೆ. ಹಾಗಾಗಿ ಈಗ ಹೇಳುವುದರಲ್ಲಿ ಒಂದೆರಡು ಮಾತು ಹೆಚ್ಚುಕಡಿಮೆ ಇದ್ದೀತು. ಆದರೆ ಒಂದು ಶನಿವಾರ ಸಂಜೆ ತಿಪ್ಪಸಂದ್ರದ ನಮ್ಮ ಮನೆಯ ಸೋಫಾದ ಮೇಲೆ ಕೂತು ನಾನೊಂದು ಸಾವನ್ನು ನುಂಗಿಹಾಕಿದ್ದು ಮಾತ್ರ ನಿಜ.

ಮನೆಯಲ್ಲಿ ನಾವು ಮೂವರು: ಎಪ್ಪತ್ನಾಲ್ಕು ವರ್ಷದ ನನ್ನ ಅಮ್ಮ, ನಾನು, ಮಗಳು ಇಂಚರ. ಮೊದಲ ಪಿಯುಸಿಗೆ ಕಾಲಿಟ್ಟ ದಿನದಿಂದ ಇಂಚರಳ ಮಾತು ‘ಹ್ಞೂಂ’, ‘ಗೊತ್ತಿಲ್ಲ’, ‘ಚಾರ್ಜರ್ ಎಲ್ಲಿ’ ಎಂಬ ಮೂರಕ್ಕೆ ಇಳಿದಿತ್ತು. ಕಾಲೇಜಿನಲ್ಲಿ ಅರವತ್ತು ಮಕ್ಕಳು ನನ್ನೊಡನೆ ಇಷ್ಟೇ ಮಾತಾಡುತ್ತಾರೆ, ಅದಕ್ಕೆ ಸಂಬಳವಾದರೂ ಬರುತ್ತದೆ. ಮನೆಯಲ್ಲೂ ಅದೇ ಆದರೆ ಹೇಗೆ ಬದುಕುವುದು? ಹೀಗೆ ಕೈಚೆಲ್ಲಿ ಕೂತಿದ್ದಾಗ ಅವಳು ನೋಡುತ್ತಿದ್ದ ಜಪಾನಿನ ಒಂದು ಸರಣಿ ನಮ್ಮನ್ನು ಒಂದೇ ಸೋಫಾಕ್ಕೆ ತಂದಿತು. ‘ಏನು ಕಾರ್ಟೂನು?’ ಅಂದೆ. ‘ಕಾರ್ಟೂನಲ್ಲ ಅಮ್ಮಾ, ಅನಿಮೆ. ನೋಡೋದಾದ್ರೆ ಸುಮ್ನೆ ಕೂತು ನೋಡು’ ಅಂದಳು. ಏಳು ಪದಗಳು. ಆ ರಾತ್ರಿ ಡೈರಿಯಲ್ಲಿ ಬರೆದುಕೊಂಡೆ.

ಕಥೆ ಒಂದು ಶಾಲೆಯದು. ಮಹಾಶೂರರನ್ನು ತಯಾರು ಮಾಡುವ ಶಾಲೆ. ಯೂನಿಫಾರಂ, ಹಾಜರಿ, ಕಿರುಪರೀಕ್ಷೆ ಎಲ್ಲ ಉಂಟು. ಒಬ್ಬೊಬ್ಬ ಹುಡುಗನಿಗೂ ಹುಡುಗಿಗೂ ಒಂದೊಂದು ಶಕ್ತಿ, ಆದರೆ ಯಾವ ಶಕ್ತಿಯೂ ಪುಕ್ಕಟೆಯಲ್ಲ. ಒಬ್ಬ ಬಸ್ಸನ್ನೇ ಎತ್ತಬಲ್ಲ, ಉಸಿರು ಹಿಡಿದಿರುವಷ್ಟು ಹೊತ್ತು ಮಾತ್ರ. ಇನ್ನೊಬ್ಬಳಿಗೆ ಅರ್ಧ ಊರಿನ ಪಿಸುಮಾತು ಕೇಳಿಸುತ್ತದೆ; ಪರೀಕ್ಷೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಅಳುತ್ತಾ ಬರೆಯುತ್ತಾಳೆ. ಮತ್ತೊಬ್ಬ ನಾಚಿಕೆಯಾದಾಗಲೆಲ್ಲ ಅಯಸ್ಕಾಂತವಾಗುತ್ತಾನೆ. ಊಟದ ಮನೆಯಲ್ಲಿ ಯಾರಾದರೂ ಗೇಲಿ ಮಾಡಿದರೆ ಚಮಚ, ಡಬ್ಬಿ ಮುಚ್ಚಳ ಎಲ್ಲಾ ಬಂದು ಮೈಗೆ ಅಂಟಿಕೊಳ್ಳುತ್ತವೆ. ಲೋಕ ಉಳಿಸುವ ಕೆಲಸ ಇಂಥ ಮಕ್ಕಳ ಪಾಲಿಗೆ ಬಂದಿದೆ. ಮೂರನೇ ಕಂತಿಗೆ ನಾನು ಬಿದ್ದೆ. ಶೂರತನ ಕಂಡು ಬಿದ್ದೆ ಎಂದು ಹೇಳಿಕೊಳ್ಳಬಹುದು, ಆದರೆ ನನ್ನನ್ನು ಕೆಡವಿದ್ದು ಅವರ ಮೇಷ್ಟ್ರು. ಹಳೇ ಕೋಟು, ಕುಂಟುಕಾಲು, ಯಾವಾಗಲೂ ನಿದ್ದೆಗಣ್ಣು. ಅವರ ಶಕ್ತಿ ಏನೆಂದರೆ, ಶಿಷ್ಯರಿಗೆ ಬಿದ್ದ ಪೆಟ್ಟನ್ನು ತಮ್ಮ ಮೈಮೇಲೆ ಎಳೆದುಕೊಳ್ಳುವುದು. ನಾನು ಇಪ್ಪತ್ತಮೂರು ವರ್ಷದ ಸೇವೆಯಲ್ಲಿ ಶಿಷ್ಯರಿಂದ ಎಳೆದುಕೊಂಡಿರುವುದು ನೆಗಡಿ ಮಾತ್ರ.

ಅಮ್ಮನೂ ಬಂದು ಕೂತರು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲು ಅವರಿಗೆ ಓದಲು ಬಾರದು. ನಾನು ಓದಿ ಕನ್ನಡದಲ್ಲಿ ಹೇಳಬೇಕು. ಹೀಗೆ ಶನಿವಾರ ಐದೂವರೆಗೆ ಒಂದು ಕಂತು ನಮ್ಮ ಮನೆಯ ವ್ರತವಾಯಿತು. ಅಯಸ್ಕಾಂತದ ಹುಡುಗ ಬಂದರೆ ಅಮ್ಮ ‘ಪಾಪ, ಇದಕ್ಕೆ ದೃಷ್ಟಿ ತೆಗೀಬೇಕು ಕಣೆ’ ಅನ್ನುವರು. ಇಂಚರ ನಗುವಳು. ನಗುವಾಗ ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ವಾರವಿಡೀ ನಾನು ಕಾಯುತ್ತಿದ್ದದ್ದು ಅದಕ್ಕೆ. ಲೋಕ ಉಳಿದರೆಷ್ಟು ಬಿಟ್ಟರೆಷ್ಟು.

ಆಮೇಲೆ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ‘ಕಣ್ಣು ಉಜ್ಜಬಾರದು, ಅಳಬಾರದು’ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅದಾದ ಎರಡನೇ ಶನಿವಾರವೇ ಮೇಷ್ಟ್ರು ಸತ್ತರು. ಹತ್ತೊಂಬತ್ತು ಮಕ್ಕಳ ಪೆಟ್ಟನ್ನು ಒಟ್ಟಿಗೆ ಎಳೆದುಕೊಂಡು, ಹಾಜರಿ ಪುಸ್ತಕ ಮುಚ್ಚಿ, ಮೇಜಿನ ಮೇಲೆ ತಲೆಯಿಟ್ಟರು. ‘ಏನಂತೆ?’ ಎಂದರು ಅಮ್ಮ. ಏನು ಹೇಳಲಿ? ಹೇಳಿದೆ: ‘ಸುಸ್ತಾಗಿದೆಯಂತಮ್ಮ. ವಿ.ಆರ್.ಎಸ್. ತಗೋತಾರಂತೆ.’

ಬೇರೆ ಯಾವ ಬಡಾವಣೆಯಲ್ಲೂ ಈ ಸುಳ್ಳು ನಡೆಯುತ್ತಿರಲಿಲ್ಲ. ನಮ್ಮ ಕಡೆ ಮನೆಗೊಬ್ಬರು ಕಾರ್ಖಾನೆಯಲ್ಲಿ ದುಡಿದು ಅವಧಿಗೆ ಮೊದಲೇ ಸ್ವಯಂನಿವೃತ್ತಿ ತಗೊಂಡವರು. ನನ್ನ ಅಪ್ಪನೂ ತಗೊಂಡಿದ್ದರು. ಅಮ್ಮ ತಲೆದೂಗಿದರು. ‘ಒಳ್ಳೇದೇ ಬಿಡು. ಆ ಕಾಲು ಇಟ್ಕೊಂಡು ಎಷ್ಟು ದಿನ ಅಂತ ಡ್ಯೂಟಿ ಮಾಡ್ತಾರೆ?’ ಪರದೆಯ ಮೇಲೆ ಮಕ್ಕಳು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ‘ಬೀಳ್ಕೊಡುಗೆ,’ ಎಂದೆ. ಬಿಳಿ ಹೂವು ತಂದಿಟ್ಟರು. ‘ಹಾರ ತುರಾಯಿ,’ ಎಂದೆ. ನನ್ನ ಜಾಣತನಕ್ಕೆ ನಾನೇ ಬೆರಗಾಗಿ ಪಕ್ಕಕ್ಕೆ ತಿರುಗಿದರೆ ಇಂಚರ ಎದ್ದುಹೋಗಿದ್ದಳು. ರೂಮಿನ ಚಿಲಕ ಬಿದ್ದ ಸದ್ದಾಯಿತು.

ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ನಾನು ಬೇಗ ಬಂದರೆ ಅವಳೂ ಬಂದು ಕೂರಬಹುದೇನೋ ಎಂದು ಶಿವಾಜಿನಗರದ ಕಾಲೇಜಿನಿಂದ ಆಟೋ ಮಾಡಿಕೊಂಡು ಬಂದೆ. ರಸೆಲ್ ಮಾರುಕಟ್ಟೆಯಿಂದ ಅವಳಿಗಿಷ್ಟವಾದ ಸೀತಾಫಲ ತಂದೆ. ಹಣ್ಣು ರೂಮಿನೊಳಗೆ ಹೋಯಿತು, ಬೀಜ ಹೊರಗೆ ಬಂತು, ಅವಳು ಬರಲಿಲ್ಲ. ಕೊನೆಗೆ ಬಾಗಿಲಿಗೆ ಹೋಗಿ ನಿಂತೆ.

‘ಅಜ್ಜಿ ಅಳಬಾರದು ಅಂತ ಹಾಗೆ ಹೇಳಿದೆ ಕಣೆ. ಒಂದು ಬೊಂಬೆಗೋಸ್ಕರ ಇಷ್ಟೊಂದು ಕೋಪಾನಾ?’

‘ಅವರು ಆ ಮಕ್ಕಳಿಗೋಸ್ಕರ ಸತ್ರು ಅಮ್ಮಾ. ನಂಗೆ ಅಳು ಬರ್ತಿತ್ತು. ನೀನು ಪಕ್ಕದಲ್ಲಿ ಕೂತ್ಕೊಂಡು ಹಾರ ತುರಾಯಿ ಅಂತಿದ್ದೆ. ನಾನು ಹೇಗೆ ಅಳಲಿ?’ ಮೊಬೈಲ್ ಕೆಳಗಿಟ್ಟಳು. ‘ತಾತ ಹೋದಾಗ್ಲೂ ನೀನು ಹೀಗೇ ಮಾಡ್ದೆ.’

‘ಏನು ಮಾಡ್ದೆ?’

‘ತಾತನ್ನ ಫ್ಯಾಕ್ಟರಿಯವರು ವಾಪಸ್ ಕರೆದಿದಾರೆ ಅಂದೆ. ಸಂಜೆ ಸೈರನ್ ಆದಾಗೆಲ್ಲ ನಾನು ಮನೆ ಗೇಟ್ ಹತ್ರ ಹೋಗಿ ನಿಂತ್ಕೋತಿದ್ದೆ. ಯಾರೂ ಯಾಕೆ ಅಂತ ಕೇಳ್ಲಿಲ್ಲ.’

ನನಗೆ ನೆನಪಿಲ್ಲ. ನುಣುಚಿಕೊಳ್ಳಲು ಹೇಳುತ್ತಿಲ್ಲ, ನಿಜವಾಗಿಯೂ ಒಂದಕ್ಷರ ನೆನಪಿಲ್ಲ. ಅವಳಿಗಾಗ ಐದು ವರ್ಷ. ಐದು ವರ್ಷದ ಮಗುವಿನ ನೆನಪನ್ನು ನಂಬುವುದು ಹೇಗೆ ಎಂದು ನನ್ನೊಳಗಿನ ಇತಿಹಾಸದ ಮೇಡಂ ಕೇಳಿದಳು. ಬೀರುವಿನ ಮೇಲಿಂದ ಆ ವರ್ಷದ ಡೈರಿ ಇಳಿಸಿ ಧೂಳು ಕೊಡವಿ ನೋಡಿದೆ. ‘ಪುರೋಹಿತರಿಗೆ ಫೋನ್. ಹಾಲು ಎರಡು ಲೀಟರ್ ಹೆಚ್ಚಿಗೆ. ಮಗು ಸುಮ್ಮನಿದ್ದಾಳೆ.’ ಮರುದಿನದ ಪುಟ ನೋಡಿದೆ. ‘ಮಗು ಸುಮ್ಮನಿದ್ದಾಳೆ.’ ಅದರ ಮರುದಿನವೂ ಅದೇ. ಎಂಥ ಒಳ್ಳೆಯ ಮಗು ಎಂದು ಹೆಮ್ಮೆಯಿಂದ ಬರೆದಂತಿತ್ತು. ಅಪ್ಪ ಸತ್ತರು ಎಂಬ ಮಾತು ಆ ವಾರದ ಯಾವ ಪುಟದಲ್ಲೂ ಇರಲಿಲ್ಲ.

ಸತ್ತವರಿಗೆ ಕೆಲಸ ಕೊಡಿಸುವುದು, ಕೆಲಸದಲ್ಲಿದ್ದು ಸತ್ತವರಿಗೆ ನಿವೃತ್ತಿ ಕೊಡಿಸುವುದು, ನನ್ನ ಶಕ್ತಿ ಇದೇ ಇರಬೇಕು. ಆ ಶಾಲೆಯವರು ಇದನ್ನು ನೋಡಿ ಸೀಟು ಕೊಡುತ್ತಿರಲಿಲ್ಲ. ಇನ್ನು ತಡಮಾಡಬಾರದೆಂದು ಆ ಸಂಜೆಯೇ ಅಮ್ಮನ ಪಕ್ಕ ಕೂತು, ಅವರ ಕೈ ಹಿಡಿದುಕೊಂಡು, ‘ಅಮ್ಮ, ಆ ಮೇಷ್ಟ್ರು...’ ಎಂದು ಶುರುಮಾಡಿದೆ. ಮುಂದಿನ ಪದ ಬರಲಿಲ್ಲ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಲೇ ಹೇಳಿದರು.

‘ಸತ್ತುಹೋದ್ರು. ಗೊತ್ತು.’

‘ಯಾರು ಹೇಳಿದ್ರು?’

‘ಯಾರು ಹೇಳ್ಬೇಕು? ಆಪರೇಷನ್ ಮಾಡ್ಸಿದ್ದು ಕಾಣಲಿ ಅಂತ ತಾನೆ? ವಿ.ಆರ್.ಎಸ್. ತಗೊಂಡೋರಿಗೆ ಯಾರಾದ್ರೂ ಮುಖ ಮುಚ್ಚಿ ಹೊದಿಸ್ತಾರಾ?’

‘ಮತ್ತೆ ಒಳ್ಳೇದೇ ಬಿಡು ಅಂದ್ಯಲ್ಲಮ್ಮ.’

‘ನಿನ್ನ ಕೈಲಿ ಹೇಳಕ್ಕಾಗ್ತಿರ್ಲಿಲ್ಲ. ನಿಮ್ಮಪ್ಪ ಹೋದಾಗ್ಲೂ ಆಗ್ಲಿಲ್ಲ. ಅದಕ್ಕೆ ಸುಮ್ನಾದೆ.’ ಇನ್ನೊಂದು ಕಾಯಿ ಮುರಿದರು. ‘ಆ ಮಗೂನ ಗೇಟಿಂದ ಒಳಗೆ ಕರ್ಕೊಂಡು ಬರ್ತಿದ್ದೋಳು ನಾನೇ ಅಲ್ವೇನೆ.’

ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಪಾತ್ರೆ ತೊಳೆದೆ. ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಕಳೆದ ಶನಿವಾರ ಇಂಚರ ರೂಮಿನಿಂದ ಹೊರಗೆ ಬಂದಳು. ಅವಳು ಸೀದಾ ಹೋಗಿ ಅಜ್ಜಿಯ ಪಕ್ಕ, ನಾನು ಕೂರುವ ಜಾಗದಲ್ಲಿ ಕೂತಳು. ‘ಅಮ್ಮಾ, ಇವತ್ತಿಂದ ನಾನೇ ಓದಿ ಹೇಳ್ತೀನಿ’ ಎಂದಳು. ನನಗೆ ಚಪಾತಿಯ ಕೆಲಸವಿತ್ತು. ಲಟ್ಟಣಿಗೆ ಹಿಡಿದು ಗೋಡೆಯಾಚೆಗೆ ಕಿವಿಗೊಟ್ಟೆ. ಅವಳ ಕನ್ನಡ ಎಡವುತ್ತಾ ಹೋಗುತ್ತಿತ್ತು, ಆದರೆ ಒಂದು ಸಾಲನ್ನೂ ಬಿಡುತ್ತಿರಲಿಲ್ಲ. ಆಮೇಲೆ ಅದೂ ನಿಂತಿತು. ಅಮ್ಮ ಮೂಗು ಸೀಟಿದ ಸದ್ದು ಕೇಳಿಸಿತು. ಬಾಗಿಲಲ್ಲಿ ನಿಂತು ನೋಡಿದರೆ ಇಬ್ಬರೂ ಒಂದೇ ಟವೆಲ್ ಹಂಚಿಕೊಂಡು ಕೂತಿದ್ದರು, ಕಣ್ಣೆಲ್ಲ ಕೆಂಪು.

‘ಏನಾಯ್ತು?’ ಎಂದೆ.

ಅಜ್ಜಿ ಮೊಮ್ಮಗಳ ಮುಖ ನೋಡಿದರು. ಮೊಮ್ಮಗಳು ನನ್ನ ಮುಖ ನೋಡಿದಳು, ಬಹಳ ಮೃದುವಾಗಿ, ನಾನು ಐದು ವರ್ಷದವಳೇನೋ ಎಂಬಂತೆ.

‘ಏನಿಲ್ಲ ಅಮ್ಮಾ. ಎಲ್ಲರೂ ಚೆನ್ನಾಗಿದಾರೆ.’

ನಾನು ನಂಬಿದೆ. ನಂಬದಿದ್ದರೆ ಯಾರು ಸತ್ತರು ಎಂದು ಕೇಳಬೇಕಾಗುತ್ತಿತ್ತು.