ಅವ್ವನ ಕೂದಲು, ನನ್ನ ಗಾಳ

ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಮಾಡಬಲ್ಲೆ ಎಂಬ ಭ್ರಮೆ ನನಗಿದೆ. ನಲ್ಲಿ ರಿಪೇರಿಗೆ ಕೈಹಾಕಿ ಅಡುಗೆಮನೆಯನ್ನು ಕೆರೆ ಮಾಡಿದ ಮೇಲೂ ಅದು ಬಿಟ್ಟಿಲ್ಲ. ಭಾನುವಾರ ರಾಯಚೂರಿನಿಂದ ದೇವದುರ್ಗದ ಕಡೆ ಬಸ್ಸು ಹತ್ತಿ, ಕೃಷ್ಣೆಯ ದಂಡೆಯಲ್ಲಿ ಗಾಳ ಹಾಕಿ ಕೂರುವುದು ನನ್ನ ಚಟ. ಮೀನು ಬೀಳುವುದಿಲ್ಲ, ಅದು ಬೇರೆ ಮಾತು. ಎರೆಹುಳ ಮುಟ್ಟಲು ಹೇಸುವ ನನಗೆ ಮೊಬೈಲೇ ದಾರಿ ತೋರಿಸಿತು: ಜಿಗ್. ಅಂದರೆ ಸೀಸದ ಗುಂಡಿನ ತಲೆಯಿರುವ ಗಾಳ. ಅದಕ್ಕೆ ಗರಿ, ತುಪ್ಪಳ ಇಟ್ಟು ದಾರ ಸುತ್ತಿ ಕಟ್ಟಿದರೆ ನೀರಿನಲ್ಲಿ ಮರಿಮೀನಿನಂತೆ ಆಡುತ್ತದಂತೆ, ದೊಡ್ಡ ಮೀನು ಮೋಸಹೋಗುತ್ತದಂತೆ.

ಗರಿಗೇನೂ ಬರವಿರಲಿಲ್ಲ. ಮಾನ್ವಿಯ ಸೋದರತ್ತೆ ತನ್ನ ಹುಂಜ ಉದುರಿಸಿದ್ದನ್ನೆಲ್ಲ ಆರಿಸಿಟ್ಟು, "ಯಾತಕ್ಕೋ ಯಪ್ಪಾ, ಕಿವಿ ತುರಿಸ್ಕೊಳ್ಳಾಕೇನು?" ಎಂದು ಕೇಳಿಯೇ ಕೊಟ್ಟಳು. ತೊಂದರೆ ಇದ್ದದ್ದು ಫ್ಯಾನಿನದು. ರಾಯಚೂರಿನ ಬಿಸಿಲಿಗೆ ಫ್ಯಾನಿಲ್ಲದೆ ನಾನು ಇರಲಾರೆ, ಫ್ಯಾನಿದ್ದರೆ ಗರಿ ಇರಲಾರದು. ಒಮ್ಮೆ ಕರೆಂಟು ಹೋದಾಗ ಸ್ವಿಚ್ಚು ಆರಿಸುವುದನ್ನು ಮರೆತು ಗರಿ ಹರವಿಕೊಂಡು ಕೂತಿದ್ದೆ. ಕರೆಂಟು ಬಂತು. ಊಟಕ್ಕೆ ಕೂತಾಗ ಹೆಂಡತಿ ಸೌಟಿನಲ್ಲಿ ಏನನ್ನೋ ಎತ್ತಿ ತೋರಿಸಿ, "ಬ್ಯಾಳಿ ಸಾರಿನ್ಯಾಗ ಕೋಳಿ ಹಾರಿ ಹೋಗ್ಯದ ನೋಡ್ರಿ" ಎಂದಳು.

ತುಪ್ಪಳದ್ದೇ ದೊಡ್ಡ ಫಜೀತಿ. ಆಡಿನ ಕೂದಲು ಪೊರಕೆಯ ಹಾಗೆ ಸೆಟೆದು ನಿಂತಿತು. ಕುರಿಯ ಉಣ್ಣೆ ನೀರು ಕುಡಿದು ಮುದ್ದೆಯಾಯಿತು. ಹೀಗಿರುವಾಗ ಅವ್ವನ ಕೋಣೆಯ ಬಾಗಿಲ ಹಿಂದೆ, ಮೊಳೆಗೆ ತೂಗುಹಾಕಿದ್ದ ಚೀಲ ಕಣ್ಣಿಗೆ ಬಿತ್ತು. ಒಳಗೆ ಉಂಡೆ ಉಂಡೆಯಾಗಿ ಕರಿಯ, ಮೆತ್ತನೆಯ ಕೂದಲು! ಅವ್ವ ಹರಿದ ಚಪ್ಪಲಿಯನ್ನೂ ಎಸೆಯುವವಳಲ್ಲ, ಇದೂ ಅಂಥದೇ ಇರಬೇಕು ಎಂದುಕೊಂಡು ಇಡೀ ಚೀಲ ಎತ್ತಿದೆ. ಸಿಕ್ಕು ಬಿಡಿಸಿ, ಕತ್ತರಿಸಿ, ಉಳಿದದ್ದನ್ನು ಕಸಕ್ಕೆ ಹಾಕಿ, ಎರಡು ವಾರ ಕೂತು ಇಪ್ಪತ್ತೆರಡು ಜಿಗ್ ಕಟ್ಟಿದೆ. ಬಕೆಟ್ಟಿನ ನೀರಿನಲ್ಲಿ ಅವು ಬಾಲ ಅಲ್ಲಾಡಿಸಿದಾಗ ನನ್ನ ಮೇಲೆ ನನಗೇ ಗೌರವ ಬಂತು.

ಮರುದಿನವೇ ಓಣಿಯಲ್ಲಿ, "ಕೂದ್ಲಾ... ಪಾತ್ರಿ ಸಾಮಾನಾ..." ಎಂಬ ಕೂಗು. ತಲೆ ಬಾಚುವಾಗ ಉದುರಿದ ಕೂದಲನ್ನು ಹೆಂಗಸರು ಉಂಡೆ ಸುತ್ತಿ ಕೂಡಿಟ್ಟು, ಇವನಿಗೆ ಕೊಟ್ಟು ಪಾತ್ರೆ ಪಡೆಯುವುದು ನಾನು ಹುಟ್ಟಿದಾಗಿನಿಂದ ನೋಡಿದ ವ್ಯಾಪಾರ. ನೋಡಿದ್ದೆ, ನೆನಪಾಗಲಿಲ್ಲ.

"ಲೇ, ನನ್ನ ಚೀಲ ಎಲ್ಲಿ? ಮೂರು ವರ್ಷದ ಕೂದ್ಲ! ಈ ಸಲ ದೊಡ್ಡ ಡಬರಿ ತಗೋಬೇಕಂತ ಮಾಡೀನಿ" ಎಂದು ಅವ್ವ ಕೋಣೆಯಿಂದ ಕೂಗಿದಳು.

ನಾನು ಜಿಗ್ಗಿನ ಡಬ್ಬಿ ತಂದು ಮುಂದಿಟ್ಟೆ. ಅವ್ವ ಒಂದನ್ನು ಎತ್ತಿ ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದು ನಿನ್ನ ತಂಗಿ ಕೂದ್ಲ, ಲಗ್ನಕ್ಕ ಮೊದಲಿಂದು" ಎಂದಷ್ಟೇ ಹೇಳಿದಳು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ಬಜಾರದಾಗ ಡಬರಿ ತಂದು ಕೊಡ್ತೀನಿ ಬೇ" ಎಂದೆ.

"ರೊಕ್ಕ ಕೊಟ್ಟು ತರೂದಿದ್ರ ಮೂರು ವರ್ಷ ಯಾಕ ಕಾಯ್ತಿದ್ದೆ?"

ಅಷ್ಟರಲ್ಲಿ ನಮ್ಮ ಬಾಗಿಲಿಗೆ ಬಂದಿದ್ದ ಕೂದಲಿನವನು ಒಂದು ಜಿಗ್ಗನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡುತ್ತಿದ್ದ. "ನಮ್ಮದು ನದಿ ದಂಡಿ ಊರ್ರೀ ಸರ. ಈ ಗಾಳ ಭಾಳ ಗಟ್ಟಿ ಅದ. ಎಲ್ಲಾ ನನಗ ಕೊಡ್ರಿ, ಯಮ್ಮಗ ಡಬರಿ ಕೊಡ್ತೀನಿ."

ನನ್ನ ಎದೆ ಉಬ್ಬಿತು. ಕಲೆಗೆ ಬೆಲೆ ಕಟ್ಟುವವರು ಕೊನೆಗೂ ಸಿಕ್ಕರು! ಗರಿ ನೀರಿನಲ್ಲಿ ಹೇಗೆ ಆಡುತ್ತದೆಂದು ವಿವರಿಸಲು ಬಾಯಿ ತೆರೆದೆ.

"ಗರಿ-ಗಿರಿ ಎಲ್ಲಾ ಬಿಚ್ಚಿ ಕೊಡ್ರಿ ಸರ. ಬರೇ ಗಾಳಕ್ಕ ಎರಿಹುಳ ಚುಚ್ಚಿದ್ರ ಮೀನು ಬೀಳ್ತಾವ."

ಅವ್ವ ಆಗಲೇ ಡಬರಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳುತ್ತಿದ್ದಳು. ಕಟ್ಟೆಯ ಮೇಲೆ ಕೂತು, ಬ್ಲೇಡಿನಿಂದ ಒಂದೊಂದೇ ಗಂಟು ಕತ್ತರಿಸಿ ಇಪ್ಪತ್ತೆರಡನ್ನೂ ಬೋಳಿಸಿದೆ. ಎರಡು ವಾರದ ಕೆಲಸ, ಅರ್ಧ ಗಂಟೆಯೂ ಹಿಡಿಯಲಿಲ್ಲ.

ಅವನು ನಿಜವಾದ ಮೆಚ್ಚುಗೆಯಿಂದ ತಲೆದೂಗಿ, "ಬಿಚ್ಚೂದ್ರಾಗ ಕೈ ಭಾಳ ಚಲೋ ಅದರೀ ನಿಮ್ದು" ಎಂದ.