ಷಡ್ಡಕನ ಒಂದೇ ಒಂದು ತಪ್ಪು

ಕೊಂಡಿಯಣ್ಣನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ತಿರುಗುವ ಕುರ್ಚಿಯಿಂದ.

ಕುರ್ಚಿ ಬಂದದ್ದು ಬೆಳಿಗ್ಗೆ ಎಂಟಕ್ಕೆ. ಟೋಯಿಂಗ್ ಯಾರ್ಡಿನ ಮೂಲೆಯಲ್ಲಿ ಹಳೆ ಟೈರು ತುಂಬಿದ್ದ ಗಾಜಿನ ಕೋಣೆಯನ್ನು ಖಾಲಿ ಮಾಡಿ, ತೊಳೆದು, ಅದರ ನಟ್ಟನಡುವೆ ಕುರ್ಚಿ ತಂದಿಟ್ಟರು. ಮೈಮೇಲಿನ ಪ್ಲಾಸ್ಟಿಕ್ ಕೂಡ ಇನ್ನೂ ಕಿತ್ತಿರಲಿಲ್ಲ. ಕೆಟ್ಟು ನಿಂತ ಕಾರು, ಅಡ್ಡ ನಿಲ್ಲಿಸಿದ ವ್ಯಾನು, ಚರಂಡಿಗಿಳಿದ ಲಾರಿ ಇವನ್ನೆಲ್ಲ ಎಳೆದು ತರುವ ಕಂಪನಿ ಅದು. ಇಂಥ ಪ್ರತಿ ಕಂಪನಿಯಲ್ಲೂ ಇನ್ನು ಮೇಲೆ ಒಬ್ಬ ಸೇಫ್ಟಿ ಸೂಪರ್‌ವೈಸರ್ ಇರಲೇಬೇಕು, ಚಾಲಕರು ನಿಯಮ ಪಾಲಿಸುತ್ತಾರೋ ಇಲ್ಲವೋ ಅಂತ ಅವನು ನೋಡಿಕೊಳ್ಳಬೇಕು ಅಂತ ಸರ್ಕಾರದ ಆದೇಶ ಬಂದಿತ್ತು. ಅವತ್ತೇ ಸಂಜೆ ಐದಕ್ಕೆ ಇನ್ಸ್‌ಪೆಕ್ಟರು ಬಂದು ಎಲ್ಲ ಪರಿಶೀಲಿಸಿ, ಸೂಪರ್‌ವೈಸರನ ಹೆಸರನ್ನು ಖಾಯಂ ಮಾಡಿ ಹೋಗುವವರಿದ್ದರು.

ಹದಿನಾರು ವರ್ಷ ಕಂಡಕಂಡ ಗಾಡಿಗಳ ಅಡಿಗೆ ನುಸುಳಿ ಕೊಂಡಿ ಸಿಕ್ಕಿಸಿದ್ದಕ್ಕೇ ಕೊಂಡಿಯಣ್ಣನಿಗೆ ಆ ಹೆಸರು. ಅದೇ ಕೆಲಸದಲ್ಲಿ ಸೊಂಟವೂ ಬಿದ್ದುಹೋಗಿತ್ತು. "ಇನ್ನೊಂದು ವರ್ಷ ಹೀಗೇ ಮಾಡಿದ್ರೆ ಗಾಡಿ ಕೆಳಗೇ ಸಂಸಾರ ಹೂಡ್ಬೇಕಾಗುತ್ತೆ, ಮೇಲೆ ಏಳೋಕಾಗಲ್ಲ" ಎಂದಿದ್ದರು ಡಾಕ್ಟರು. ಆ ಕುರ್ಚಿ ತನಗೆ ಸಿಗದಿದ್ದರೆ ತನ್ನ ಸೊಂಟಕ್ಕೆ ಬೇರೆ ಗತಿಯಿಲ್ಲ ಅಂತ ಕೊಂಡಿಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ನಡುವೆ ಷಡ್ಡಕನಿದ್ದ. ಹೆಂಡತಿಯ ತಂಗಿಯ ಗಂಡ. ಅದೇ ಯಾರ್ಡಿನಲ್ಲಿ ನಾಲ್ಕು ವರ್ಷದಿಂದ ಚಾಲಕ. ಕೊಂಡಿಯಣ್ಣ ಅವನನ್ನು ಷಡ್ಡಕ ಎನ್ನುತ್ತಿದ್ದುದರಿಂದ ಯಾರ್ಡಿಗೆ ಯಾರ್ಡೇ ಅವನನ್ನು ಷಡ್ಡಕ ಎನ್ನುತ್ತಿತ್ತು. ನಾಲ್ಕು ವರ್ಷದಲ್ಲಿ ಅವನ ಮೇಲೆ ಒಂದು ದೂರಿಲ್ಲ, ಅವನು ಎಳೆದ ಗಾಡಿಗೆ ಒಂದು ಗೀರಿಲ್ಲ. ಮನೆಗೆ ಹೋದರೆ ಹೆಂಡತಿಯದೂ ಅದೇ ರಾಗ.

"ನಮ್ಮ ತಂಗಿ ಗಂಡನ್ನ ನೋಡಿ ಕಲೀರಿ. ಮನೇಲಿ ಬಲ್ಬು ಹಾಕೋಕೆ ಸ್ಟೂಲ್ ಹತ್ತಿದ್ರೂ ಹೆಲ್ಮೆಟ್ ಹಾಕ್ಕೋತಾರಂತೆ."

"ಮಲಗೋವಾಗ ಸೀಟ್ ಬೆಲ್ಟು ಕಟ್ಕೋತಾನೋ ಕೇಳು" ಎಂದಿದ್ದ ಕೊಂಡಿಯಣ್ಣ. ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಕುರ್ಚಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೊರಬರುವಾಗ ಫೋನಮ್ಮ ಸಿಕ್ಕಳು. ಜನರ ಕರೆಗಳನ್ನು ತೆಗೆದುಕೊಂಡು ಯಾವ ಗಾಡಿ ಎಲ್ಲಿಗೆ ಅಂತ ಹೇಳುವವಳು ಅವಳು. ಕಿವಿಗೆ ಬಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಭ್ಯಾಸವಿಲ್ಲ.

"ಅಣ್ಣಾ, ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ. ನಿನ್ನೆ ಯಜಮಾನಿ ನಿಮ್ಮ ಷಡ್ಡಕನ್ನ ಒಳಗೆ ಕರೆದು, ಬಾಗಿಲು ಹಾಕ್ಕೊಂಡು ಅರ್ಧ ಗಂಟೆ ಮಾತಾಡಿದ್ರು. ಆಚೆ ಬರೋವಾಗ ನಗ್ತಿದ್ದ."

"ನಗ್ತಿದ್ನಾ?"

"ದವಡೆ ಹಲ್ಲೂ ಕಾಣ್ತಿತ್ತು."

ಅಷ್ಟು ಸಾಕಾಯಿತು. ಒಂಬತ್ತಕ್ಕೆ ಯಜಮಾನಿ ಎಲ್ಲರನ್ನೂ ಸೇರಿಸಿ ಏನೋ ಹೇಳುವವರಿದ್ದರು. ಷಡ್ಡಕನಿಗೆ ಎಲ್ಲರೂ ಚಪ್ಪಾಳೆ ತಟ್ಟುವುದನ್ನು ನೋಡಲು ಇವನಿಗೇನು ಹುಚ್ಚೇ? ಎಂಟೂಮುಕ್ಕಾಲಿಗೇ ತನ್ನ ಗಾಡಿ ಹತ್ತಿ ಹೊರಟುಬಿಟ್ಟ. ಅಂಗಡಿಯಲ್ಲಿ ಒಂದು ನೋಟ್‌ಬುಕ್ ಕೊಂಡ. ಮನುಷ್ಯ ಅಂದಮೇಲೆ ದಿನಕ್ಕೊಂದು ತಪ್ಪಾದರೂ ಮಾಡಲೇಬೇಕು. ಸಂಜೆ ಐದರೊಳಗೆ ಷಡ್ಡಕನ ಒಂದೇ ಒಂದು ತಪ್ಪು ಹಿಡಿದು ಇನ್ಸ್‌ಪೆಕ್ಟರ ಕೈಗೆ ಕೊಟ್ಟರೆ ಮುಗಿಯಿತು. ಗುಟ್ಟು ರಟ್ಟಾಗದಿರಲಿ ಅಂತ ವಾಕಿಟಾಕಿ ಆರಿಸಿದ, ಮೊಬೈಲಿನ ಬಾಯನ್ನೂ ಮುಚ್ಚಿದ.

ಯಾರ್ಡಿನಿಂದ ಷಡ್ಡಕನ ಗಾಡಿ ಹೊರಬರುವುದನ್ನೇ ಕಾದು ಬೆನ್ನು ಹತ್ತಿದ. ಅದು ಮೊದಲು ನಿಂತದ್ದು ಆಸ್ಪತ್ರೆ ತಿರುವಿನಲ್ಲಿ. ಷಡ್ಡಕ ಒಂದು ಹಸಿರು ಕಾರು ಎಳೆಯಲು ಬಂದಿದ್ದ. ಕೊಂಡಿಯಣ್ಣ ಎಳನೀರಿನ ಗಾಡಿಯಷ್ಟು ದಪ್ಪದ ಕಸದ ಡಬ್ಬದ ಹಿಂದೆ ಕೂತು ಇಣುಕಿದ. ಷಡ್ಡಕ ಹೊಳೆಯುವ ಜಾಕೆಟ್ ಹಾಕಿಕೊಂಡ. ಆರು ಕೋನ್ ಇಟ್ಟ. ಕಾರಿನ ಸುತ್ತ ಬಂದು ಪ್ರತಿ ಕಿಟಕಿಗೂ ಕೈ ಅಡ್ಡ ಹಿಡಿದು ಒಳಗೆ ಮಗುವೋ ನಾಯಿಯೋ ಮಲಗಿದೆಯೇ ಅಂತ ನೋಡಿದ. ಚೈನ್ ಬಿಗಿದ, ಎಳೆದು ನೋಡಿದ. ಕೊಂಡಿಯಣ್ಣ ಹಲ್ಲು ಕಡಿಯುತ್ತ ಬರೆದುಕೊಂಡ: "9.20. ತಪ್ಪಿಲ್ಲ."

ಬ್ಯಾಂಕಿನ ಮುಂದೆ: "10.35. ತಪ್ಪಿಲ್ಲ." ಸೇತುವೆ ಕೆಳಗೆ: "12.10. ತಪ್ಪಿಲ್ಲ. ಕೆಸರಲ್ಲಿ ಮಂಡಿಯೂರಿ ಎರಡು ಸಲ ನೋಡಿದ. ಮೈಗಳ್ಳತನವೇ ಇಲ್ಲ, ದರಿದ್ರದವನಿಗೆ." ಊಟದ ಹೊತ್ತಿಗಾದರೂ ಏನಾದರೂ ಮಾಡಿಯಾನು ಅಂದರೆ, ಆ ಪುಣ್ಯಾತ್ಮ ಗಾಡಿಯ ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ಕೈ ತೊಳೆದುಕೊಂಡು ಊಟಕ್ಕೆ ಕೂತ. ಅದನ್ನೂ ಬರೆದುಕೊಳ್ಳಬೇಕಾಯಿತು. ಇವನಿಗೆ ಮಾತ್ರ ಊಟವಿಲ್ಲ, ಹೊಟ್ಟೆಯಲ್ಲಿ ಜಾಗವಿದ್ದರೆ ತಾನೇ?

ಎರಡು ಗಂಟೆಗೆ ಷಡ್ಡಕ ಒಂದು ಬೀದಿಯ ಕೊನೆಯಲ್ಲಿ ನಿಂತ. ಕೊಂಡಿಯಣ್ಣ ಅವಸರದಲ್ಲಿ ತನ್ನ ಗಾಡಿಯನ್ನು ಸಿಕ್ಕಿದ ಕಡೆ ನುಗ್ಗಿಸಿ, ಕೋನೂ ಇಲ್ಲ ಗೀನೂ ಇಲ್ಲ, ಕೆಳಗೆ ಹಾರಿ ಮರದ ಹಿಂದೆ ನಿಂತ. ಸಿಕ್ಕಿದ ಕಡೆ ಅಂದರೆ ಒಬ್ಬ ರಿಟೈರ್ಡ್ ಮೇಷ್ಟ್ರ ಮನೆ ಗೇಟಿನ ಮುಂದೆ.

ಮೇಷ್ಟ್ರು ಹೊರಬಂದರು. "ಏನಪ್ಪಾ, ಗೇಟಿಗೆ ಅಡ್ಡ ನಿಲ್ಲಿಸಿದ್ದೀಯಲ್ಲ, ಏನ್ ಕೆಲಸ?"

"ಶ್! ಗುಟ್ಟಿನ ಕೆಲಸ ಸಾರ್. ಸರ್ಕಾರದ್ದು."

"ಮರದ ಹಿಂದೆ ನಿಂತ್ಕೊಂಡು ಬರೆಯೋ ಕೆಲಸ ಸರ್ಕಾರದಲ್ಲಿ ಯಾವುದಿದೆ?"

"ನೀವು ಒಳಗೆ ಹೋಗಿ ಸಾರ್, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಮೇಷ್ಟ್ರು ಒಳಗೆ ಹೋಗುವ ಮುಂಚೆ ಗಾಡಿಯನ್ನೊಮ್ಮೆ ನೋಡಿದರು. "ಅಡ್ಡ ನಿಂತ ವಾಹನವೇ? ನಮ್ಮನ್ನು ಕರೆಯಿರಿ" ಎಂದು ಅದರ ಮೈತುಂಬ ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ನಂಬರೂ ಕೊಟ್ಟಿತ್ತು. ಮೇಷ್ಟ್ರು ಕರೆದರು.

ಹತ್ತು ನಿಮಿಷದಲ್ಲಿ ಷಡ್ಡಕನ ದೊಡ್ಡ ಗಾಡಿ ಕೊಂಡಿಯಣ್ಣನ ಕಡೆಗೇ ತಿರುಗಿತು. ಓಡುವುದಕ್ಕೆ ದಾರಿಯಿಲ್ಲ. ತನ್ನ ಗಾಡಿಯ ಬಾಗಿಲು ತೆಗೆದು ಒಳಗೆ ತೂರಿ, ಸೀಟಿನ ಕೆಳಗೆ ಮುದುರಿ, ಟಾರ್ಪಾಲು ಎಳೆದುಕೊಂಡ. ಅಲ್ಲಿ ಮುದುರಿದಾಗಲೇ ಅವನಿಗೆ ಬುದ್ಧಿ ಮಿಂಚಿದ್ದು. ಒಳಗೆ ಮನುಷ್ಯನಿದ್ದಾಗ ಗಾಡಿ ಎಳೆಯುವುದಕ್ಕಿಂತ ದೊಡ್ಡ ತಪ್ಪು ಈ ದಂಧೆಯಲ್ಲಿ ಇನ್ನೊಂದಿಲ್ಲ! ಷಡ್ಡಕನ ಕಣ್ಣಿಗೆ ತಾನು ಬೀಳದಿದ್ದರೆ ಸಾಕು. ದೇವರೇ, ಇವತ್ತೊಂದು ದಿನ ಅವನ ಕಣ್ಣು ಮಂಜಾಗಲಿ ಅಂತ ಉಸಿರು ಬಿಗಿಹಿಡಿದ.

ಹೊರಗೆ ಷಡ್ಡಕ ಬೀದಿ ಕಡೆ ತಿರುಗಿ "ಅಣ್ಣಾ! ಅಣ್ಣಾ!" ಅಂತ ಕೂಗಿದ. "ಅವನು ಗುಟ್ಟಿನ ಕೆಲಸಕ್ಕೆ ಹೋದ" ಎಂದರು ಮೇಷ್ಟ್ರು. ಅಷ್ಟರಲ್ಲಿ ಷಡ್ಡಕನ ಮೊಬೈಲು ಬಡಿದುಕೊಂಡಿತು.

"ಏನು? ಇನ್ಸ್‌ಪೆಕ್ಟರು ಆಗ್ಲೇ ಬಂದುಬಿಟ್ರಾ? ಅಯ್ಯೋ, ಬಂದೆ ಬಂದೆ!"

ಹ್ಞೂಂ, ಕುರ್ಚಿ ಮೇಲೆ ಕೂರೋಕೆ ಎಷ್ಟು ಅವಸರ ನೋಡು ಅಂದುಕೊಂಡ ಕೊಂಡಿಯಣ್ಣ ಟಾರ್ಪಾಲಿನೊಳಗೆ. ಷಡ್ಡಕ ಕಿಟಕಿಯಲ್ಲಿ ಹಣಕದೆ, ಸುತ್ತು ಬಾರದೆ, ಹಿಂದಿನ ಚಕ್ರಗಳಿಗೆ ಪಟ್ಟಿ ಬಿಗಿದು ಗಾಡಿಯನ್ನು ಹಿಂದಿನಿಂದ ಮೇಲಕ್ಕೆತ್ತಿದ. ಕೊಂಡಿಯಣ್ಣ ಮುಂದಕ್ಕೆ ಜಾರಿ ಸ್ಟಿಯರಿಂಗಿನ ಕೆಳಗೆ ತಲೆ ಕುಟ್ಟಿಕೊಂಡ. ನೋವಿನಲ್ಲೂ ನಗು ತಡೆಯಲಾಗಲಿಲ್ಲ. ಬರೆದುಕೊಂಡ: "2.25. ತಪ್ಪು! ತಪ್ಪು! ಒಳಗೆ ನೋಡಲೇ ಇಲ್ಲ!"

ಹಿಂದುಮುಂದಾಗಿ ಎಳೆಸಿಕೊಂಡು ಊರೆಲ್ಲ ಮೆರವಣಿಗೆಯಾಯಿತು. ಗಾಳಿಗೆ ತಲೆ ಹೊರಗೆ ಹಾಕಿದರೆ ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಕಣ್ಣರಳಿಸಿ ಹಾರ್ನ್ ಹೊಡೆಯತೊಡಗಿದ. ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತು "ಒಳಗೆ ಆಳಿದ್ದಾನೆ, ಆಳಿದ್ದಾನೆ" ಅಂತ ಕೈ ತೋರಿಸಿದರು. ಕೊಂಡಿಯಣ್ಣ ತುಟಿಯ ಮೇಲೆ ಬೆರಳಿಟ್ಟು ಎರಡೂ ಕೈ ಜೋಡಿಸಿದ. ಪಾಪ, ಯಾವುದೋ ಹರಕೆಯಿರಬೇಕು ಅಂತ ಬಸ್ಸಿನವರು ಸುಮ್ಮನಾದರು.

ಯಾರ್ಡು ತಲುಪಿ ಗಾಡಿ ನಿಂತಿತು. ಕಿಟಕಿಯಾಚೆ ಯಜಮಾನಿಯ ದನಿ, ಜೊತೆಗೊಂದು ಹೊಸ ದನಿ. ಕೊಂಡಿಯಣ್ಣ ಟಾರ್ಪಾಲು ಕಿತ್ತೆಸೆದು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

"ಸಾರ್! ಇಲ್ನೋಡಿ ಸಾರ್! ಜೀವಂತ ಮನುಷ್ಯ ಒಳಗಿದ್ದೀನಿ, ಹಾಗೇ ಎಳ್ಕೊಂಡ್ ಬಂದಿದ್ದಾನೆ!"

ಷಡ್ಡಕ ಓಡಿಬಂದ. "ಅಣ್ಣಾ! ನೀವು ಒಳಗಿದ್ರಾ? ಏಟಾಯ್ತಾ?" ಎಂದವನು ಇನ್ಸ್‌ಪೆಕ್ಟರ ಕಡೆ ತಿರುಗಿ, "ತಪ್ಪಾಯ್ತು ಸಾರ್. ನಾನು ಒಳಗೆ ನೋಡ್ಲಿಲ್ಲ" ಎಂದ.

ಇನ್ಸ್‌ಪೆಕ್ಟರು ಕನ್ನಡಕ ಸರಿಮಾಡಿಕೊಂಡರು. "ಇದು ಭಾರಿ ತಪ್ಪು. ಪ್ರಾಣಕ್ಕೆ ಕುತ್ತು ತರೋ ತಪ್ಪು. ನೀವು ಕಣ್ಣಾರೆ ನೋಡಿದ್ರಾ?"

"ನೋಡೋದೇನು ಸಾರ್, ಟೈಮ್ ಸಮೇತ ಬರ್ದಿದ್ದೀನಿ!" ಎಂದು ನೋಟ್‌ಬುಕ್ ಕೊಟ್ಟ.

"ಕೂಗಿದ್ರೆ ಅವರು ನಿಲ್ಲಿಸ್ತಿದ್ರಾ?"

"ಒಂದು ಸಲ ಕೆಮ್ಮಿದ್ರೂ ನಿಲ್ಲಿಸ್ತಿದ್ದ ಸಾರ್. ತಪ್ಪು ಪೂರ್ತಿ ಆಗ್ಲಿ ಅಂತ ಬೇಕಂತಲೇ ಸುಮ್ನಿದ್ದೆ."

ಇನ್ಸ್‌ಪೆಕ್ಟರು ಅದನ್ನೂ ಬರೆದುಕೊಂಡು ಯಜಮಾನಿಯ ಕಡೆ ತಿರುಗಿದರು. "ಇಲ್ಲಿ ಸೇಫ್ಟಿ ಸೂಪರ್‌ವೈಸರ್ ಯಾರಮ್ಮಾ?"

ಯಜಮಾನಿ ಕೈಲಿದ್ದ ಫೈಲಿನಿಂದ ಹಣೆ ಚಚ್ಚಿಕೊಂಡರು. "ಇವರೇ ಸಾರ್. ಕಿಟಕಿಯಲ್ಲಿ ನೇತಾಡ್ತಿದ್ದಾರಲ್ಲ, ಇವರೇ. ಬೆಳಿಗ್ಗೆ ಒಂಬತ್ತಕ್ಕೇ ಆದೇಶಕ್ಕೆ ರುಜು ಹಾಕಿ ಎಲ್ಲರ ಮುಂದೆ ಓದಿದೆ. ಆಸಾಮಿ ಪತ್ತೆಯಿಲ್ಲ!"

"ನಾನಾ? ಷಡ್ಡಕನಲ್ವಾ?" ಎಂದ ಕೊಂಡಿಯಣ್ಣ.

"ನಿನ್ನೆ ಷಡ್ಡಕನ್ನ ಕರೆದು ನೀನೇ ಆಗು ಅಂದೆ. ಅಣ್ಣ ಇರೋವಾಗ ನಾನು ಹೇಗಮ್ಮಾ ಕೂರ್ಲಿ, ಅವರ ಸೊಂಟ ಬೇರೆ ಸರಿಯಿಲ್ಲ ಅಂತ ಅರ್ಧ ಗಂಟೆ ವಾದ ಮಾಡಿ ನನ್ನನ್ನ ಒಪ್ಪಿಸಿದ."

"ಬೆಳಿಗ್ಗೆಯಿಂದ ನಿಮಗೆ ಫೋನ್ ಮಾಡಿ ಮಾಡಿ ಸಾಕಾಯ್ತು ಅಣ್ಣಾ" ಎಂದ ಷಡ್ಡಕ. ಅವನ ಕಣ್ಣಲ್ಲಿ ನೀರಿತ್ತು. "ಮೊದಲ ದಿನವೇ ಸೂಪರ್‌ವೈಸರ್ ಗಾಡಿ ಗೇಟಿಗೆ ಅಡ್ಡ ನಿಂತಿದೆ ಅಂತ ಸಾಹೇಬರಿಗೆ ಗೊತ್ತಾದ್ರೆ ನಿಮ್ಮ ಮರ್ಯಾದೆ ಹೋಗುತ್ತಲ್ಲ ಅಂತ ಅವಸರದಲ್ಲಿ ಎಳ್ಕೊಂಡ್ ಬಂದೆ."

ಇನ್ಸ್‌ಪೆಕ್ಟರು ನಿಯಮದ ಪುಸ್ತಕ ತೆಗೆದು ಓದಿದರು. "ಚಾಲಕನ ತಪ್ಪನ್ನು ಸೂಪರ್‌ವೈಸರ್ ಕಣ್ಣೆದುರೇ ಕಂಡೂ ತಡೆಯದಿದ್ದರೆ ಆ ತಪ್ಪು ಪೂರ್ತಿಯಾಗಿ ಸೂಪರ್‌ವೈಸರನದು. ಚಾಲಕನ ದಾಖಲೆಗೆ ಸೇರತಕ್ಕದ್ದಲ್ಲ." ಆಮೇಲೆ ನೋಟ್‌ಬುಕ್ಕಿನ ಹಾಳೆ ತಿರುವಿದರು. "ತಪ್ಪಿಲ್ಲ. ತಪ್ಪಿಲ್ಲ. ಮೈಗಳ್ಳತನವೇ ಇಲ್ಲ… ಮೂವತ್ತು ವರ್ಷದ ನೌಕರೀಲಿ ಒಬ್ಬ ಚಾಲಕನ ಬಗ್ಗೆ ಇಂಥ ವರದಿ ನಾನು ನೋಡಿಲ್ಲ. ಅದೂ ಆಗದವರು ಬರೆದಿದ್ದು. ಅಮ್ಮಾ, ಇವರ ಹೆಸರು ಹೊಡೆದುಹಾಕಿ ಆ ಷಡ್ಡಕರ ಹೆಸರು ಬರೀರಿ. ಇವರು ಆರು ತಿಂಗಳು ಹೊಸಬರ ಥರ ಮೊದಲಿಂದ ಕೊಂಡಿ ಹಾಕೋದು ಕಲೀಲಿ."

ಷಡ್ಡಕ ಬೇಡ ಬೇಡವೆಂದು ಎಷ್ಟು ಕೈ ಮುಗಿದರೂ ಯಾರೂ ಕೇಳಲಿಲ್ಲ. ನಾಲ್ಕು ಜನ ಸೇರಿ ಅವನನ್ನು ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಫೋನಮ್ಮ ಆಗಲೇ ಊರಿಗೆಲ್ಲ ಸುದ್ದಿ ಹಂಚುತ್ತಿದ್ದಳು.

ಕೊಂಡಿಯಣ್ಣ ಸೊಂಟ ಹಿಡಿದುಕೊಂಡು ಕೆಳಗಿಳಿದ. ಮೊಬೈಲು ತೆಗೆದು ನೋಡಿದರೆ ಹೆಂಡತಿ ಕರೆಯುತ್ತಿದ್ದಳು.

"ರೀ, ತಂಗಿ ಗಂಡ ಸೂಪರ್‌ವೈಸರ್ ಆದ್ರಂತೆ! ನೋಡಿ, ನಿಯತ್ತಾಗಿ ದುಡಿದ್ರೆ ಹೀಗೆ. ನೀವು ಬೆಳಿಗ್ಗೆಯಿಂದ ಏನ್ ಕಡಿದು ಕಟ್ಟೆ ಹಾಕ್ತಿದ್ರಿ?"

"ಆ ಕೆಲಸ ಅವನಿಗೆ ಕೊಡಿಸಿದ್ದೇ ನಾನು ಕಣೇ" ಎಂದ ಕೊಂಡಿಯಣ್ಣ. ಅದು ಅಪ್ಪಟ ನಿಜವೇ ಆಗಿತ್ತು.

"ಸಾಕು ಸುಮ್ನಿರಿ" ಎಂದಳು ಹೆಂಡತಿ. "ಅವರಿಗೆ ಒಳ್ಳೇದಾಗಿದ್ದು ಕಂಡ್ರೆ ನಿಮಗೆ ಮೊದಲಿಂದ್ಲೂ ಹೊಟ್ಟೆಕಿಚ್ಚು."